ಬಾಯಿ ನಮ್ಮದು, ಭಾಷೆ ಯಾರದು?



ಕನ್ನಡದ ಹೋರಾಟ ಎಂದರೆ ಬೋರ್ಡು, ಬ್ಯಾಂಕು, ರೈಲ್ವೆ, ಸಿನಿಮಾ ಇಷ್ಟೇ ಎಂದು ಬಹಳ ಜನ ತಿಳಿದಿದ್ದಾರೆ. ಇವತ್ತು ನಿಮ್ಮನ್ನು ಬೇರೊಂದು ಜಾಗಕ್ಕೆ ಕರೆದೊಯ್ಯುತ್ತೇನೆ. ಅಲ್ಲಿ ಕನ್ನಡಿಗ ಬಾಯಿ ಅಗಲವಾಗಿ ತೆರೆದು ಕೂತಿರುತ್ತಾನೆ, ಆದರೆ ಒಂದು ಮಾತೂ ಆಡಲಾರ! ಅದು ಹಲ್ಲಿನ ಡಾಕ್ಟರ ಕುರ್ಚಿ. ಆ ಕುರ್ಚಿಯ ಪಕ್ಕಕ್ಕೆ ಈಗ ಕಂಪ್ಯೂಟರು ಬಂದಿದೆ. ಕಂಪ್ಯೂಟರಿನ ಜೊತೆಯಲ್ಲೇ ಇಂಗ್ಲಿಷೂ ಬಂದು ಕುಳಿತುಬಿಟ್ಟಿದೆ. ಮೊದಲನೆಯದಕ್ಕೆ ಸ್ವಾಗತ. ಎರಡನೆಯದನ್ನು ಕರೆದವರು ಯಾರು? ಇದು ನನ್ನ ಪ್ರಶ್ನೆ.

ಯಂತ್ರದ ಮೇಲೆ ನಮಗೆ ಸಿಟ್ಟಿಲ್ಲ

ಮೊದಲೇ ಹೇಳಿಬಿಡುತ್ತೇನೆ. ಹೊಸ ಯಂತ್ರ ಕಂಡರೆ ಕಲ್ಲೆತ್ತುವ ಜಾತಿ ನಮ್ಮದಲ್ಲ. ನಮ್ಮ ಚಿಂತಾಮಣಿ ಕಡೆ ಹಲ್ಲುನೋವು ಎಂದರೆ ಒಂದು ಕಾಲಕ್ಕೆ ಲವಂಗದ ಎಣ್ಣೆ, ಅದಕ್ಕೂ ಬಗ್ಗದಿದ್ದರೆ ಇಕ್ಕಳ. ಎಕ್ಸ್‌ರೇ ಬೇಕೆಂದರೆ ಬಾಯೊಳಗೆ ಫಿಲಂ ಇಟ್ಟು ತೆಗೆದು, ಕತ್ತಲೆಯಲ್ಲಿ ರಾಸಾಯನಿಕಕ್ಕೆ ಅದ್ದಿ, ತೊಳೆದು, ಒಣಗಿಸಿ ನೋಡಬೇಕಿತ್ತು. ಈಗ ಫಿಲಂ ಜಾಗದಲ್ಲಿ ಬೆರಳಗಲದ ಸೆನ್ಸರ್ ಇಡುತ್ತಾರೆ. ಕ್ಷಣದಲ್ಲಿ ಹಲ್ಲಿನ ಬೇರು ಪರದೆಯ ಮೇಲೆ ಮೂಡುತ್ತದೆ. ಕಿರಣದ ಪ್ರಮಾಣವೂ ಹಳೆಯ ಫಿಲಂಗಿಂತ ಕಡಿಮೆ ಸಾಕು. 1987ರಲ್ಲಿ ಫ್ರಾನ್ಸ್ ದೇಶದಿಂದ ಹೊರಬಂದ ಈ ವಿದ್ಯೆ ಇವತ್ತು ತಾಲ್ಲೂಕು ಊರುಗಳವರೆಗೂ ಬಂದಿದೆ.

ಹಲ್ಲಿಗೆ ಕ್ಯಾಪ್ ಹಾಕಬೇಕಾದರೆ ಮೊದಲು ಬಾಯಿತುಂಬ ಮುದ್ದೆಯಂಥ ಪದಾರ್ಥ ಒತ್ತಿ ಅಳತೆ ತೆಗೆಯುತ್ತಿದ್ದರು. ವಾಂತಿ ಬಂದ ಹಾಗಾಗುತ್ತಿತ್ತು. ಈಗ ಪುಟ್ಟ ಸ್ಕ್ಯಾನರನ್ನು ಬಾಯಲ್ಲಿ ಆಡಿಸಿದರೆ ಸಾಕು. ಹಲ್ಲಿನ ಚಿತ್ರ ಇಂಟರ್‌ನೆಟ್ಟಿನಲ್ಲಿ ದೂರದ ಲ್ಯಾಬಿಗೆ ಹೋಗುತ್ತದೆ, ಅಲ್ಲಿ ಯಂತ್ರ ಕ್ಯಾಪನ್ನು ಕೊರೆದು ಕೊಡುತ್ತದೆ. ಕಂಪ್ಯೂಟರಿನಲ್ಲಿ ಹಲ್ಲು ರೂಪಿಸಿ, ರೋಗಿ ಕುರ್ಚಿಯಲ್ಲಿರುವಾಗಲೇ ಕೊರೆದು ಕೂರಿಸುವ ಕೆಲಸ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ 1985ರಲ್ಲೇ ಆಯಿತು. ಅಚ್ಚಿನ ಕಸುಬಿನ ನನಗೆ ಇನ್ನೊಂದು ಖುಷಿ: ದವಡೆಯ ಮಾದರಿಯನ್ನೂ ಈಗ ಪ್ರಿಂಟರಿನಲ್ಲೇ ಅಚ್ಚು ಹಾಕುತ್ತಾರೆ! ನಾವು ಕಾಗದದ ಮೇಲೆ, ಅವರು ಪದರದ ಮೇಲೆ ಪದರ. ಒಟ್ಟಿನಲ್ಲಿ ನಮ್ಮ ದಾಯಾದಿಗಳೇ ಆದರು.

ಇದೆಲ್ಲ ಬರಲಿ. ಬೆಂಗಳೂರಿನವರಿಗೆ ಸಿಗುವ ಚಿಕಿತ್ಸೆ ಬಟ್ಲಹಳ್ಳಿ, ಚಿಲಕಲನೇರ್ಪು, ಮುಂಗಾನಹಳ್ಳಿಯವರಿಗೂ ಸಿಗಲಿ. ಆದರೆ ಯಂತ್ರ ಕೊಟ್ಟ ಉತ್ತರ ಯಾರಿಗೆ ಅರ್ಥವಾಗಬೇಕು? ಡಾಕ್ಟರಿಗೆ ಮಾತ್ರವೋ, ಹಲ್ಲಿನ ಒಡೆಯನಿಗೂ ಬೇಕೋ?

ಮೂವತ್ತಾರು ಹಲ್ಲಿನ ಕಥೆ

ನಮ್ಮ ಪ್ರೆಸ್ಸಿಗೆ ಜನ ಮದುವೆ ಪತ್ರಿಕೆ ಅಚ್ಚು ಹಾಕಿಸಲು ಮಾತ್ರ ಬರುವುದಿಲ್ಲ. ಜೆರಾಕ್ಸ್ ಮಾಡಿಸಲು ಬರುತ್ತಾರೆ, ಅರ್ಜಿ ಬರೆಸಲು ಬರುತ್ತಾರೆ, ಓದಲು ಬಾರದ ಕಾಗದ ಓದಿಸಲು ಬರುತ್ತಾರೆ. ಹೀಗೆ ಒಂದು ದಿನ ಹಳ್ಳಿಯಿಂದ ಬಂದ ಅಜ್ಜಿಯೊಬ್ಬರು ಕೈಯಲ್ಲಿ ಕಂಪ್ಯೂಟರ್ ಚೀಟಿ ಹಿಡಿದು ಗಾಬರಿಯಾಗಿ ನಿಂತಿದ್ದರು. ಯಾವ ಕ್ಲಿನಿಕ್ಕೋ ಹೆಸರು ಬೇಡ. ಚೀಟಿಯ ತುಂಬ ಇಂಗ್ಲಿಷು. ಅಜ್ಜಿಗೆ ಅದರಲ್ಲಿ ಓದಲು ಬಂದದ್ದು ಅಂಕಿ ಮಾತ್ರ.

"ಏನಪ್ಪಾ, ಮೂವತ್ತಾರು ಅಂತ ಬರ್ದವ್ರೆ. ಮೂವತ್ತಾರು ಹಲ್ಲು ಕೀಳ್ತಾರಾ? ನನ್ ಬಾಯಾಗೆ ಅಷ್ಟು ಎಲ್ಲವೆ?"

ನಗು ಬರುತ್ತದೆಯೇ? ಸ್ವಲ್ಪ ತಡೆಯಿರಿ. ಮನುಷ್ಯನ ಬಾಯಲ್ಲಿ ಇರುವುದೇ 32 ಹಲ್ಲು. 36 ಎಂದರೆ ಹಲ್ಲಿನ ಲೆಕ್ಕವಲ್ಲ, ಹಲ್ಲಿನ ವಿಳಾಸ. ದಂತವೈದ್ಯರು ಬಾಯನ್ನು ನಾಲ್ಕು ಭಾಗ ಮಾಡುತ್ತಾರೆ: ಬಲಗಡೆ ಮೇಲೆ 1, ಎಡಗಡೆ ಮೇಲೆ 2, ಎಡಗಡೆ ಕೆಳಗೆ 3, ಬಲಗಡೆ ಕೆಳಗೆ 4. ಎರಡನೇ ಅಂಕಿ, ನಡುವಿನಿಂದ ಎಣಿಸಿದರೆ ಎಷ್ಟನೇ ಹಲ್ಲು ಎಂಬುದು. ಅಂದರೆ 36 ಎಂದರೆ ಎಡಗಡೆ ಕೆಳಗಿನ ಆರನೇ ಹಲ್ಲು, ದವಡೆ ಹಲ್ಲು. ಇದನ್ನು ನಾನು ಪರಿಚಯದ ದಂತವೈದ್ಯರೊಬ್ಬರನ್ನು ಕೇಳಿ ತಿಳಿದುಕೊಂಡು ಅಜ್ಜಿಗೆ ಹೇಳಿದೆ. ಎರಡು ನಿಮಿಷದ ಮಾತು. "ಎಡಗಡೆ ಕೆಳಗಿನ ದವಡೆ ಹಲ್ಲು ಕೀಳಬೇಕು" ಎಂದು ಒಂದು ಸಾಲು ಕನ್ನಡದಲ್ಲಿ ಇದ್ದಿದ್ದರೆ ಆ ಅಜ್ಜಿ ಕೀಳಿಸುವ ಮೊದಲೇ ಹೆದರಿ ಬಸ್ ಸ್ಟ್ಯಾಂಡಿನ ದಾರಿ ಹಿಡಿಯುತ್ತಿರಲಿಲ್ಲ.

ಅದೇ ಚೀಟಿಯಲ್ಲಿ ಕ್ಯಾಪಿನ ಎರಡು ಬಗೆ, ಎರಡು ಬೆಲೆ ಇದ್ದವು. ಒಂದು ಒಳಗೆ ಲೋಹ, ಮೇಲೆ ಪಿಂಗಾಣಿ. ಇನ್ನೊಂದು ಜಿರ್ಕೋನಿಯಾ. ಯಾವುದು ಬೇಕೆಂದು ಆರಿಸುವ ಹಕ್ಕು ಅಜ್ಜಿಯದು, ದುಡ್ಡೂ ಅಜ್ಜಿಯದು. ಆದರೆ ಆರಿಸಬೇಕಾದ ಚೀಟಿ ಮಾತ್ರ ಅಜ್ಜಿಗೆ ಬಾರದ ಭಾಷೆಯದು. ಇದಕ್ಕೆ ಏನೆನ್ನುತ್ತೀರಿ?

ಇದು ಅಭಿಮಾನದ ಮಾತಷ್ಟೇ ಅಲ್ಲ, ಪ್ರಾಣದ ಮಾತು

ಇನ್ನೊಂದು ಹೊಸ ಪದ್ಧತಿ ಬಂದಿದೆ. ಒಳಗೆ ಹೋಗುವ ಮೊದಲು ಕೈಗೆ ಒಂದು ಫಾರಂ ಅಥವಾ ಟ್ಯಾಬ್ ಕೊಡುತ್ತಾರೆ. ನಿಮಗೆ ಸಕ್ಕರೆ ಕಾಯಿಲೆ ಇದೆಯೇ, ಬಿ.ಪಿ. ಇದೆಯೇ, ಹೃದಯದ ತೊಂದರೆ ಇದೆಯೇ, ರಕ್ತ ಹೆಪ್ಪುಗಟ್ಟದಿರಲು ಮಾತ್ರೆ ನುಂಗುತ್ತೀರಾ, ಪೆನ್ಸಿಲಿನ್ ಆಗುವುದಿಲ್ಲವೇ, ಬಸುರಿಯೇ ಎಂದೆಲ್ಲ ಪ್ರಶ್ನೆಗಳು. ಒಳ್ಳೆಯ ಪದ್ಧತಿ. ಹಲ್ಲು ಕೀಳುವ ಮೊದಲು ಡಾಕ್ಟರಿಗೆ ಇದೆಲ್ಲ ಗೊತ್ತಿರಲೇಬೇಕು. ಆದರೆ ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿ! ಪಕ್ಕದಲ್ಲಿ ಹೌದು-ಇಲ್ಲ ಎಂದು ಎರಡು ಚೌಕ. ಓದಲು ಬಾರದವನು ಏನು ಮಾಡುತ್ತಾನೆ? ನಾಚಿಕೆಪಟ್ಟುಕೊಂಡು ಎಲ್ಲಕ್ಕೂ "ಇಲ್ಲ" ಎಂದು ಗೀಚಿ ಸಹಿ ಹಾಕಿ ಕೊಡುತ್ತಾನೆ. ಹೃದಯದ ಆಪರೇಷನ್ ಆಗಿ ದಿನವೂ ರಕ್ತ ತೆಳುವಾಗುವ ಮಾತ್ರೆ ನುಂಗುವವನು "ಇಲ್ಲ" ಎಂದು ಗೀಚಿದರೆ? ಹಲ್ಲು ಕಿತ್ತಮೇಲೆ ರಕ್ತ ನಿಲ್ಲದಿದ್ದರೆ? ಆಗ ಕಾನೂನಿನ ಮುಂದೆ ಆ ಸಹಿ ಡಾಕ್ಟರನ್ನು ಕಾಯಬಹುದು, ರೋಗಿಯನ್ನು ಕಾಯುತ್ತದೆಯೇ?

ಹಲ್ಲು ಕಿತ್ತ ಮೇಲಿನ ಸೂಚನೆಗಳೂ ಈಗ ಮೊಬೈಲಿಗೆ ಬರುತ್ತವೆ, ಇಂಗ್ಲಿಷಿನಲ್ಲಿ. ಹತ್ತಿಯನ್ನು ಕಚ್ಚಿ ಹಿಡಿಯಬೇಕು. ಮೊದಲ 24 ಗಂಟೆ ಬಾಯಿ ಮುಕ್ಕಳಿಸಬಾರದು, ಪದೇ ಪದೇ ಉಗುಳಬಾರದು, ಬೀಡಿ-ಸಿಗರೇಟು ಸೇದಬಾರದು. ಉಪ್ಪುನೀರು ಮಾರನೆಯ ದಿನದಿಂದ. ನಮ್ಮ ಜನರ ರೂಢಿ ಏನು? ಬಾಯಲ್ಲಿ ರಕ್ತ ಕಂಡ ತಕ್ಷಣ ಬಿಸಿ ಉಪ್ಪುನೀರಿನಲ್ಲಿ ಮುಕ್ಕಳಿಸುವುದು. ಹಾಗೆ ಮಾಡಿದರೆ ಹಲ್ಲು ಕಿತ್ತ ಗುಂಡಿಯಲ್ಲಿ ಕಟ್ಟಿದ ಹೆಪ್ಪು ಕಿತ್ತುಬಂದು, ಒಳಗಿನ ಮೂಳೆ ಬಯಲಾಗಿ, ಪ್ರಾಣ ಹೋಗುವಂಥ ನೋವು ಬರಬಹುದು. ಕನ್ನಡದಲ್ಲಿ ನಾಲ್ಕು ಸಾಲು ಕಳಿಸಿದ್ದರೆ ತಪ್ಪಬಹುದಾದ ನೋವು ಅದು!

ಇನ್ನು ನಮ್ಮ ಜಿಲ್ಲೆಯ ದೊಡ್ಡ ಶಾಪ ಫ್ಲೋರೈಡ್. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು, ಆದರೆ ಶಾಪ ಬೇರೆಯಾಗಲಿಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿದ ಸೀಮೆ ನಮ್ಮದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಅನೇಕ ಹಳ್ಳಿಗಳ ಬೋರ್ ನೀರು ಅದನ್ನು ದಾಟುತ್ತದೆ. ವಸಡಿನೊಳಗೆ ಹಲ್ಲು ರೂಪುಗೊಳ್ಳುವ ಎಳೆ ವಯಸ್ಸಿನಲ್ಲಿ ಈ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಸುಣ್ಣದ ಬಿಳಿ ಗೆರೆ, ಕಂದು ಕಲೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಕ್ಲಿನಿಕ್ಕಿನ ಪುಟ್ಟ ಕ್ಯಾಮೆರಾ ಆ ಕಲೆಯನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸುತ್ತದೆ. ಚೀಟಿಯಲ್ಲಿ ಇಂಗ್ಲಿಷಿನ ಒಂದು ಪದ ಬರುತ್ತದೆ. ತಾಯಿಗೆ ಅದು ತಿಳಿಯುವುದಿಲ್ಲ. ಮಗ ಹಲ್ಲುಜ್ಜಲಿಲ್ಲ ಎಂದು ಮನೆಗೆ ಹೋಗಿ ಎರಡು ಬಾರಿಸುತ್ತಾಳೆ! "ಇದು ನೀರಿನ ಫ್ಲೋರೈಡ್‌ನಿಂದ ಬಂದ ಕಲೆ, ಮನೆಯ ಚಿಕ್ಕ ಮಕ್ಕಳಿಗೆ ಶುದ್ಧೀಕರಿಸಿದ ನೀರನ್ನೇ ಕೊಡಿ" ಎಂದು ಕನ್ನಡದಲ್ಲಿ ಬರೆದಿದ್ದರೆ? ದೊಡ್ಡ ಮಗನ ಕಲೆ ಹೋಗದಿದ್ದರೂ ಚಿಕ್ಕ ಮಗಳ ಹಲ್ಲು ಉಳಿಯುತ್ತಿತ್ತು. ಭಾಷೆ ಎಂದರೆ ಇದು ಸ್ವಾಮಿ! ಬರೀ ಬಾವುಟವಲ್ಲ.

"ಕಂಪ್ಯೂಟರಿಗೆ ಕನ್ನಡ ಬರಲ್ಲ" ಎಂಬ ಸುಳ್ಳು

ಯಾಕೆ ಸಾರ್ ಕನ್ನಡದಲ್ಲಿ ಕೊಡಬಾರದು ಎಂದು ಕೇಳಿದರೆ ಸಿದ್ಧ ಉತ್ತರವೊಂದಿದೆ: "ಸಾಫ್ಟ್‌ವೇರಿನಲ್ಲಿ ಬರಲ್ಲ." ಈ ಮಾತನ್ನು ಬೇರೆ ಯಾರಾದರೂ ನಂಬಲಿ, ಅಚ್ಚುಮನೆಯವನು ನಂಬುವುದಿಲ್ಲ. ನಮ್ಮ ಹಿರಿಯರ ಕಾಲದಲ್ಲಿ ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಕನ್ನಡ ಅಚ್ಚಾಗುತ್ತಿತ್ತು. ಇಂಗ್ಲಿಷಿಗೆ ಚಿಕ್ಕ ಕೇಸು ಸಾಕು. ಕನ್ನಡಕ್ಕೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ಮನೆಗಳ ಕೇಸು. ಕಂಪ್ಯೂಟರ್ ಬಂದಾಗ "ಇನ್ನು ಕನ್ನಡ ಮುಗಿಯಿತು" ಎಂದವರಿದ್ದರು. ಮುಗಿಯಿತೇ? ಕೆ.ಪಿ. ರಾವ್ ಅವರು ಕನ್ನಡಕ್ಕೆ ತರ್ಕಬದ್ಧವಾದ ಕೀಲಿಮಣೆ ಕೊಟ್ಟರು. 1998ರಲ್ಲಿ ಶೇಷಾದ್ರಿ ವಾಸು ಅವರ 'ಬರಹ' ಬಂತು. ಕನ್ನಡ ಗಣಕ ಪರಿಷತ್ತು 'ನುಡಿ' ಕೊಟ್ಟಿತು. ಜಗತ್ತಿನ ಎಲ್ಲ ಲಿಪಿಗಳಿಗೆ ಒಂದೇ ಸಂಕೇತ ಕೊಡುವ ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಇತ್ತು. ಇವತ್ತು ನಿಮ್ಮ ಜೇಬಿನ ಮೊಬೈಲು ನೀವು ಕನ್ನಡದಲ್ಲಿ ಆಡಿದ ಮಾತನ್ನು ಕನ್ನಡದಲ್ಲೇ ಬರೆದುಕೊಳ್ಳುತ್ತದೆ.

ಇನ್ನೂ ಸಾಕ್ಷಿ ಬೇಕೇ? ಕರ್ನಾಟಕ ಸರ್ಕಾರದ 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿ ಕಾಲು ಶತಮಾನವಾಗುತ್ತ ಬಂತು. ಆ ಪಹಣಿ ಯಾವ ಭಾಷೆಯಲ್ಲಿ ಬರುತ್ತದೆ? ಕನ್ನಡದಲ್ಲಿ! ರೈತನ ಗುಂಟೆ ಲೆಕ್ಕ, ಖಾತೆ, ಸಾಲದ ವಿವರ ಎಲ್ಲ ಕನ್ನಡದಲ್ಲಿ ಬರುವುದಾದರೆ ಅದೇ ರೈತನ ಹಲ್ಲಿನ ವಿವರ ಕನ್ನಡದಲ್ಲಿ ಬಂದರೆ ಯಂತ್ರಕ್ಕೆ ಹಲ್ಲುನೋವು ಬರುತ್ತದೆಯೇ?

ಭೂಮಿಯಲ್ಲಿ ಕನ್ನಡ ಬಂದದ್ದು ಸರ್ಕಾರ ಬೇಕು ಎಂದದ್ದಕ್ಕೆ. ಕ್ಲಿನಿಕ್ಕಿನ ಸಾಫ್ಟ್‌ವೇರಿನಲ್ಲಿ ಬಾರದಿರುವುದು ಯಾರೂ ಬೇಕು ಎನ್ನದಿರುವುದಕ್ಕೆ. ಗುಟ್ಟು ಇಷ್ಟೇ. ದಕ್ಷಿಣ ಕೊರಿಯಾದ ಜನಸಂಖ್ಯೆ ಸುಮಾರು 5 ಕೋಟಿ. ಹಲ್ಲಿನ ಎಕ್ಸ್‌ರೇ ಯಂತ್ರ ತಯಾರಿಸಿ ಜಗತ್ತಿಗೆಲ್ಲ ಮಾರುವ ದೇಶ ಅದು. ಅಲ್ಲಿನ ರೋಗಿ ತನ್ನ ಭಾಷೆಯಲ್ಲೇ ಎಲ್ಲ ಓದುತ್ತಾನೆ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಎಂದು ಬರೆಸಿದವರೇ 4.37 ಕೋಟಿ, ಕರ್ನಾಟಕದ ಜನಸಂಖ್ಯೆ 6.11 ಕೋಟಿ. ನಾವೇನು ಚಿಲ್ಲರೆ ಗಿರಾಕಿಗಳೇ?

ತೆಲುಗು ಮಾತಾಡುವವರಿಗೂ ಕನ್ನಡವೇ ಅಕ್ಷರ

"ನಿಮ್ಮ ಚಿಂತಾಮಣಿಯಲ್ಲಿ ಎಲ್ಲರೂ ತೆಲುಗು ಮಾತಾಡುತ್ತಾರಲ್ಲ, ನಿಮಗೇಕೆ ಕನ್ನಡದ ಚಿಂತೆ?" ಎಂದು ಬೆಂಗಳೂರಿನ ಕೆಲವು ಗೆಳೆಯರು ಕೆಣಕುತ್ತಾರೆ. ಅವರಿಗೆ ನಮ್ಮ ಗಡಿ ಗೊತ್ತಿಲ್ಲ. ಕನ್ನಡ, ತೆಲುಗು ಎರಡರಲ್ಲೂ ಹಾಡಿದ ಕೈವಾರ ತಾತಯ್ಯನವರ ತಾಲ್ಲೂಕು ನಮ್ಮದು. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ, ಮುಸ್ಲಿಂ ಬಂಧುಗಳ ಮನೆಯಲ್ಲಿ ಉರ್ದು. ಆದರೆ ಸರ್ಕಾರಿ ಶಾಲೆಯಲ್ಲಿ ತಿದ್ದಿದ ಅಕ್ಷರ? ಕನ್ನಡದ ಅ ಆ ಇ ಈ. ತೆಲುಗಿನಲ್ಲಿ ನಿರರ್ಗಳವಾಗಿ ಮಾತಾಡುವ ನಮ್ಮ ರೈತನಿಗೆ ಓದಲು ಬರುವುದು ಕನ್ನಡ. ನಮ್ಮ ಡಾಕ್ಟರುಗಳೂ ಬಾಯಿಮಾತಿನಲ್ಲಿ ಕನ್ನಡ, ತೆಲುಗು ಎರಡನ್ನೂ ಚೆನ್ನಾಗಿಯೇ ಆಡುತ್ತಾರೆ, ಆ ಮಟ್ಟಿಗೆ ಅವರಿಗೆ ಕೈ ಮುಗಿಯುತ್ತೇನೆ. ಕೆಡುವುದು ಕಾಗದಕ್ಕೆ ಇಳಿದಾಗ. ಮಾತು ಗಾಳಿಗೆ ಹೋಗುತ್ತದೆ, ಮನೆಗೆ ಹೋಗುವುದು ಕಾಗದ. ಆದ್ದರಿಂದ ಗಡಿಯಲ್ಲಿ ಕನ್ನಡ ಕೇಳುವುದು ತೆಲುಗಿನ ಮೇಲಿನ ಜಗಳವಲ್ಲ. ತೆಲುಗು ಮನೆಮಾತಿನವರ ಹಕ್ಕೂ ಅದರಲ್ಲೇ ಇದೆ.

ಕಾನೂನು ನಮ್ಮ ಕಡೆಗಿದೆ

2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಬೋರ್ಡಿಗಾಗಿ ಹೋರಾಟ ನಡೆಯಿತು. 2024ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿ ನಾಮಫಲಕದಲ್ಲಿ ಶೇಕಡಾ 60 ಕನ್ನಡ ಕಡ್ಡಾಯವಾಯಿತು. ಆಸ್ಪತ್ರೆಗಳಿಗೂ ಅದು ಅನ್ವಯ. ಸಂತೋಷ. ಆದರೆ ಹೊರಗಿನ ಬೋರ್ಡಿನಲ್ಲಿ ಶೇಕಡಾ 60, ಒಳಗಿನ ಕಾಗದದಲ್ಲಿ ಶೇಕಡಾ ಸೊನ್ನೆ ಎಂದರೆ ಅದು ಬಾಗಿಲಿಗೆ ತೋರಣ ಕಟ್ಟಿ ಒಳಗೆ ಉಪವಾಸ ಕೆಡವಿದ ಹಾಗೆ.

2008ರಲ್ಲಿ ಸುಪ್ರೀಂ ಕೋರ್ಟು ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ: ರೋಗಿಗೆ ಸಾಕಷ್ಟು ಮಾಹಿತಿ ಕೊಟ್ಟು, ಅವನು ತಿಳಿದು ಒಪ್ಪಿದರೆ ಮಾತ್ರ ಅದು ಒಪ್ಪಿಗೆ. ಓದಲು ಬಾರದ ಭಾಷೆಯ ಕಾಗದದ ಕೆಳಗೆ ಹಾಕಿಸಿಕೊಂಡ ಸಹಿಯನ್ನು ತಿಳಿದು ಕೊಟ್ಟ ಒಪ್ಪಿಗೆ ಎಂದು ಯಾವ ಬಾಯಿಂದ ಹೇಳುತ್ತೀರಿ?

ಇನ್ನೊಂದು ಹೊಸ ಅಸ್ತ್ರವಿದೆ, ತರುಣರು ಇದನ್ನು ಗಮನಿಸಬೇಕು. ನಿಮ್ಮ ಬಾಯಿಯ ಸ್ಕ್ಯಾನು, ಎಕ್ಸ್‌ರೇ, ಹೆಸರು, ಫೋನ್ ನಂಬರು ಎಲ್ಲವೂ ಕಂಪ್ಯೂಟರಿನಲ್ಲಿ ಕೂಡಿಡುವ ಮಾಹಿತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂಥ ಮಾಹಿತಿಗೆ ಒಪ್ಪಿಗೆ ಕೇಳುವಾಗ ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದಿಕೊಳ್ಳುವ ಆಯ್ಕೆಯನ್ನು ಕೊಡಬೇಕು. ಕನ್ನಡ ಆ ಪರಿಚ್ಛೇದದಲ್ಲಿದೆ. 2025ರ ನವೆಂಬರಿನಲ್ಲಿ ಹೊರಬಂದ ನಿಯಮಗಳು ತಯಾರಿಗೆ 18 ತಿಂಗಳ ಕಾಲಾವಕಾಶ ಕೊಟ್ಟವು. ಅಂದರೆ ಇದು ಯಾರೋ ದಯೆಯಿಂದ ಕೊಡುವ ಭಿಕ್ಷೆಯಲ್ಲ, ನಾಡಿನ ಕಾನೂನೇ ಬರೆದುಕೊಟ್ಟ ಹಕ್ಕು!

ಡಾಕ್ಟರುಗಳ ಮಾತನ್ನೂ ಕೇಳೋಣ

ಡಾಕ್ಟರುಗಳಿಗೂ ಕಷ್ಟವಿದೆ. ಬಿ.ಡಿ.ಎಸ್. ಓದುವುದು ಇಂಗ್ಲಿಷಿನಲ್ಲಿ, ಯಂತ್ರ ಬರುವುದು ಹೊರದೇಶದಿಂದ, ಸಾಲ ತೀರಿಸಬೇಕು, ಹೊರಗೆ ರೋಗಿಗಳ ಸಾಲು. ಎಲ್ಲ ನಿಜ. ಆದರೆ ನಾವು ಕೇಳುತ್ತಿರುವುದು ವೈದ್ಯಶಾಸ್ತ್ರವನ್ನು ಕನ್ನಡಕ್ಕೆ ಅನುವಾದಿಸಿ ಎಂದಲ್ಲ. ಪಂಡಿತರು ಕಷ್ಟಪಟ್ಟು ಟಂಕಿಸಿದ, ನಾಲಿಗೆ ಹೊರಳದ ಪದಗಳೂ ಬೇಡ. ರೂಟ್ ಕೆನಾಲ್, ಕ್ಯಾಪ್, ಇಂಪ್ಲಾಂಟ್ ಎಂಬ ಪದಗಳೇ ಇರಲಿ, ಕನ್ನಡ ಅಕ್ಷರದಲ್ಲಿ ಬರೆಯಿರಿ, ಪಕ್ಕದಲ್ಲಿ ಒಂದು ಸಾಲು ಅರ್ಥ ಹೇಳಿ. "ರೂಟ್ ಕೆನಾಲ್: ಹುಳುಕು ತಲುಪಿದ ಹಲ್ಲಿನ ಒಳಗಿನ ನರ ತೆಗೆದು, ಶುಚಿ ಮಾಡಿ, ತುಂಬುವುದು." ಇಷ್ಟೇ! ಒಮ್ಮೆ ಬರೆದಿಟ್ಟರೆ ಕಂಪ್ಯೂಟರು ಸಾವಿರ ಸಲ ತಾನೇ ಅಚ್ಚು ಹಾಕುತ್ತದೆ. ಮತ್ತೆ ಮತ್ತೆ ಬರೆಯುವ ಕಷ್ಟ ತಪ್ಪಿಸಲೆಂದೇ ಅಲ್ಲವೇ ಈ ಯಂತ್ರ ತಂದದ್ದು?

ಖರ್ಚಿನ ಮಾತು ಎತ್ತಿದರೆ ನಾನೇ ಉತ್ತರ ಕೊಡುತ್ತೇನೆ. ಇಂಗ್ಲಿಷ್ ಫಾರಂಗೂ ಕನ್ನಡ ಫಾರಂಗೂ ಅದೇ ಕಾಗದ, ಅದೇ ಪ್ಲೇಟು, ಅದೇ ಶಾಯಿ. ಒಂದು ರೂಪಾಯಿಯೂ ಹೆಚ್ಚಿಲ್ಲ. ನನ್ನ ಊರಿನ ಯಾವ ದಂತವೈದ್ಯರೇ ಬರಲಿ, ಕನ್ನಡ ಫಾರಂಗೆ ಕಂಪೋಸಿಂಗ್ ಖರ್ಚು ನಾನು ತೆಗೆದುಕೊಳ್ಳುವುದಿಲ್ಲ. ಕರಡು ತಿದ್ದುವುದೂ ನನ್ನದೇ. ಡಾಕ್ಟರು ವಿಷಯ ಸರಿಯಿದೆ ಎಂದು ಒಂದು ಸಲ ನೋಡಿ ಹೇಳಲಿ, ಸಾಕು.

ನೀವು ಮಾಡಬೇಕಾದ್ದು

ನಗರದ ತರುಣರೇ, ಈ ಮಾತು ನಿಮಗೆ. ನಿಮಗೆ ಇಂಗ್ಲಿಷ್ ಬರುತ್ತದೆ, ಆದ್ದರಿಂದ ಈ ನೋವು ನಿಮಗೆ ತಟ್ಟುವುದಿಲ್ಲ. ಅಪ್ಪ-ಅಮ್ಮನನ್ನು ಕ್ಲಿನಿಕ್ಕಿಗೆ ಕರೆದೊಯ್ದಾಗ ಫಾರಂ ನೀವೇ ತುಂಬಿ, "ಇಲ್ಲಿ ಸಹಿ ಹಾಕಮ್ಮಾ" ಎಂದು ಮುಗಿಸಿಬಿಡುತ್ತೀರಿ. ಅಲ್ಲಿಗೆ ನಿಲ್ಲಿಸಿ. ಕೇಳಬೇಕಾದ್ದು ಇಷ್ಟು:

1. ಕಾಯಿಲೆ ವಿವರದ ಫಾರಂ ಮತ್ತು ಒಪ್ಪಿಗೆ ಪತ್ರ ಕನ್ನಡದಲ್ಲಿ ಇರಲಿ. ಇಲ್ಲದಿದ್ದರೆ ಪ್ರತಿಯೊಂದು ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿದ ಮೇಲೆಯೇ ಸಹಿ.

2. ಚಿಕಿತ್ಸೆಯ ಅಂದಾಜು ಪಟ್ಟಿಯಲ್ಲಿ ಯಾವ ಹಲ್ಲು, ಏನು ಕೆಲಸ, ಯಾವ ವಸ್ತು, ಎಷ್ಟು ಬೆಲೆ ಎಂಬುದು ಕನ್ನಡದಲ್ಲಿ ಇರಲಿ.

3. ಎಕ್ಸ್‌ರೇ ಅಥವಾ ಸ್ಕ್ಯಾನಿನ ಪ್ರತಿ ರೋಗಿಯ ಕೈಗೂ ಸಿಗಲಿ, ಅದರಲ್ಲಿ ಕಂಡದ್ದೇನೆಂದು ಎರಡು ಸಾಲು ಕನ್ನಡ ಇರಲಿ.

4. ಚಿಕಿತ್ಸೆಯ ನಂತರದ ಸೂಚನೆ ಮೊಬೈಲಿಗೆ ಬಂದರೆ ಕನ್ನಡದಲ್ಲೇ ಬರಲಿ. ಓದು ಬಾರದ ಹಿರಿಯರಿಗೆ ಧ್ವನಿಯಲ್ಲಿ ಕಳಿಸಿದರೆ ಇನ್ನೂ ಒಳ್ಳೆಯದು.

ಜಗಳ ಬೇಡ. ಕಲ್ಲು ಬೇಡ. ಮಸಿ ಬೇಡ. ನಗುತ್ತಾ, ಆದರೆ ಬಿಡದೆ ಕೇಳಿ. ದಿನಕ್ಕೆ ಹತ್ತು ಜನ ಕೇಳಿದರೆ ಡಾಕ್ಟರು ಸಾಫ್ಟ್‌ವೇರ್ ಕಂಪನಿಗೆ ಫೋನು ಮಾಡುತ್ತಾರೆ. ನೂರು ಡಾಕ್ಟರು ಫೋನು ಮಾಡಿದರೆ ಕಂಪನಿ ಕನ್ನಡ ಕಲಿಯುತ್ತದೆ. ವ್ಯಾಪಾರಿಗೆ ಅರ್ಥವಾಗುವ ಭಾಷೆ ಗಿರಾಕಿಯ ಭಾಷೆ.

ಇನ್ನು ಬೆಂಗಳೂರಿನ ಕಂಪನಿಗಳಲ್ಲಿ ಕೂತು ಜಗತ್ತಿಗೆಲ್ಲ ಸಾಫ್ಟ್‌ವೇರ್ ಬರೆಯುವ ಕನ್ನಡದ ಹುಡುಗ-ಹುಡುಗಿಯರೇ, ನಿಮ್ಮ ಪೈಕಿ ನಾಲ್ಕು ಜನ ಸೇರಿ ದಂತ ಚಿಕಿತ್ಸಾಲಯಕ್ಕೊಂದು ಕನ್ನಡ ತಂತ್ರಾಂಶ ಮಾಡಲಾರಿರಾ? ಅನುವಾದಕ್ಕೆಂದು ಕೇಂದ್ರ ಸರ್ಕಾರವೇ 'ಭಾಷಿಣಿ' ಎಂಬ ವ್ಯವಸ್ಥೆ ತೆರೆದಿದೆ. ಯಂತ್ರ ಮಾಡಿದ ಅನುವಾದವನ್ನು ಒಬ್ಬ ದಂತವೈದ್ಯ, ಒಬ್ಬ ಕನ್ನಡ ಮೇಷ್ಟ್ರು ಕೂತು ತಿದ್ದಿದರೆ ಕೆಲಸ ಮುಗಿಯಿತು. 'ಬರಹ', 'ನುಡಿ' ಮಾಡಿದವರು ಯಾರ ಅಪ್ಪಣೆಗೂ ಕಾಯಲಿಲ್ಲ. ಅವರು ದುಡಿದದ್ದಕ್ಕೆ ನನ್ನಂಥ ಸಾವಿರಾರು ಅಚ್ಚುಮನೆಗಳು ಇವತ್ತು ಕನ್ನಡದಲ್ಲಿ ಅನ್ನ ತಿನ್ನುತ್ತಿವೆ.

ಸರ್ಕಾರಕ್ಕೂ ಒಂದು ಮಾತು. ಬಡ ವೃದ್ಧರಿಗೆ ಹಲ್ಲಿನ ಸೆಟ್ ಕೊಡುವ ಯೋಜನೆಗೆ 'ದಂತಭಾಗ್ಯ' ಎಂದು ಚೆಂದದ ಹೆಸರಿಟ್ಟಿರಿ. ಹೆಸರಿನಲ್ಲಿರುವ ಕನ್ನಡ ಫಾರಂಗೂ ಇಳಿಯಲಿ. ಸರ್ಕಾರಿ ದಂತ ವಿಭಾಗಗಳಿಗೆ ಕಂಪ್ಯೂಟರು ಕೊಳ್ಳುವಾಗ ಟೆಂಡರಿನಲ್ಲೇ "ರೋಗಿಗೆ ಕೊಡುವ ಎಲ್ಲ ಕಾಗದ ಕನ್ನಡದಲ್ಲಿ ಬರಬೇಕು" ಎಂದು ಒಂದು ಷರತ್ತು ಬರೆಯಿರಿ. ಸರ್ಕಾರ ಕೊಳ್ಳುತ್ತದೆ ಎಂದರೆ ಕಂಪನಿಗಳು ತಾವಾಗಿಯೇ ಕನ್ನಡ ಹುಡುಕಿಕೊಂಡು ಬರುತ್ತವೆ.

ಮಿತ್ರರೇ, ನಾಳೆ ಇನ್ನೂ ಹೊಸ ಯಂತ್ರಗಳು ಬರುತ್ತವೆ. ಎಕ್ಸ್‌ರೇ ನೋಡಿ ಹುಳುಕನ್ನು ತಾನೇ ಗುರುತಿಸುವ ಕೃತಕ ಬುದ್ಧಿಯ ತಂತ್ರಾಂಶ ಆಗಲೇ ಬಂದಿದೆ. ಅದು ತನ್ನ ತೀರ್ಪನ್ನು ನಮ್ಮ ತಾಯಂದಿರಿಗೆ ಯಾವ ಭಾಷೆಯಲ್ಲಿ ಹೇಳಬೇಕೆಂಬುದನ್ನು ಈಗಲೇ ಕೇಳಿ ಪಡೆಯಬೇಕು. ಮುಂದಿನ ಸಲ ಮನೆಯವರ ಜೊತೆ ಕ್ಲಿನಿಕ್ಕಿಗೆ ಹೋದಾಗ ಕೌಂಟರಿನಲ್ಲಿ ಒಂದೇ ಒಂದು ಮಾತು ಕೇಳಿ: "ಇದರ ಕನ್ನಡ ಪ್ರತಿ ಕೊಡಿ." ಕೊಡುವವರೆಗೆ ಪೆನ್ನಿನ ಮುಚ್ಚಳ ತೆಗೆಯಬೇಡಿ.